ಬಾಯಿಯ ಭಾಷೆ, ಕಾಗದದ ಭಾಷೆ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿ ಮತ್ತು ಅದರ ಸುತ್ತಲಿನ ಊರುಗಳಲ್ಲಿ ಒಂದೇ ಒಂದು ಭಾಷೆ ಬಲ್ಲವರನ್ನು ಹುಡುಕುವುದು ಸುಲಭವಲ್ಲ. ಮನೆಯಲ್ಲಿ ಕನ್ನಡವಾಡುವವನು ಸಂತೆಯಲ್ಲಿ ತೆಲುಗಿಗೆ ಹೊರಳುತ್ತಾನೆ. ತೆಲುಗು ಮನೆಮಾತಿನವನು ಪಂಚಾಯಿತಿ ಕಟ್ಟೆಯಲ್ಲಿ ಕನ್ನಡದಲ್ಲಿ ವಾದಿಸುತ್ತಾನೆ. ಉರ್ದು ಮಾತನಾಡುವ ಕುಟುಂಬಗಳಿಗೂ, ತಾಂಡಾಗಳ ಲಂಬಾಣಿಗರಿಗೂ ಈ ಎರಡೂ ಭಾಷೆಗಳು ಹೊಸವಲ್ಲ. ಆಂಧ್ರದ ಗಡಿ ಹತ್ತಿರದಲ್ಲೇ ಇದೆ. ಜೊತೆಗೆ, ತುಂಗಭದ್ರಾ ಕಾಲುವೆಗಳಲ್ಲಿ ನೀರು ಹರಿಯತೊಡಗಿದ ಮೇಲೆ ಕರಾವಳಿ ಆಂಧ್ರದಿಂದ ಬಂದ ರೈತರು ಈ ಸೀಮೆಯಲ್ಲಿ ನೆಲೆನಿಂತು ಕಟ್ಟಿಕೊಂಡ 'ಕ್ಯಾಂಪು'ಗಳೂ ಇವೆ. ಹೀಗಾಗಿ ಇಲ್ಲಿನ ಮಗು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಎರಡು ಭಾಷೆಗಳಲ್ಲಿ ಜಗಳವಾಡಲು ಕಲಿತಿರುತ್ತದೆ.

ಇಷ್ಟು ಭಾಷೆ ಬಲ್ಲ ಜನರಿಗೆ ಭಾಷೆಯ ತೊಡಕು ಇರಬಾರದು. ಆದರೂ ಇದೆ. ಅದು ನೆರೆಹೊರೆಯವರ ನಡುವೆ ಇಲ್ಲ. ಬ್ಯಾಂಕಿನ ಕಿಟಕಿ, ಕೋರ್ಟಿನ ಕಟ್ಟೆ, ಔಷಧಿ ಅಂಗಡಿ, ಗೊಬ್ಬರದಂಗಡಿಗಳ ಬಳಿ ಇದೆ. ಅಲ್ಲಿ ಕೈಗೆ ಬರುವ ಕಾಗದ ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ. ಇಂಗ್ಲಿಷ್ ಈ ಸೀಮೆಯಲ್ಲಿ ಯಾವ ಮನೆಯ ಮಾತೂ ಅಲ್ಲ. ಎರಡು ಮೂರು ಭಾಷೆ ಬಲ್ಲ ಮನುಷ್ಯ ಇಲ್ಲಿ ಇದ್ದಕ್ಕಿದ್ದಂತೆ ಮೂಕನಾಗಿ, 'ಸ್ವಲ್ಪ ಓದಿ ಹೇಳ್ರಿ' ಎಂದು ಪಕ್ಕದವನ ಮುಖ ನೋಡಬೇಕಾಗುತ್ತದೆ. ಇದು ಹೇಗಾಯಿತು ಎಂಬುದನ್ನು ತಿಳಿಯಲು ಇನ್ನೂರು ವರ್ಷ ಹಿಂದೆ ಹೋಗಬೇಕು.

ಕ್ಯಾಂಪ್‌ಬೆಲ್ ಕಂಡ ಗಿಳಿಪಾಠ

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿಯೂ ಸೇರಿದಂತೆ ವಿಶಾಲವಾದ ಸೀಮೆಯೊಂದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. 'ದತ್ತ ಮಂಡಲ' ಎಂಬ ಹೆಸರು ಬಂದದ್ದು ಹಾಗೆ. ಅದರ ಮೊದಲ ಪ್ರಧಾನ ಕಲೆಕ್ಟರ್ ಥಾಮಸ್ ಮನ್ರೊ. ರೈತನೊಂದಿಗೆ ಸರ್ಕಾರವೇ ನೇರವಾಗಿ ಕಂದಾಯ ನಿಗದಿ ಮಾಡಿಕೊಳ್ಳುವ ರೈತವಾರಿ ಪದ್ಧತಿಯನ್ನು ಅವನು ಇಲ್ಲಿ ಬೆಳೆಸಿದ. ರೈತನೊಡನೆ ನೇರ ವ್ಯವಹಾರವೆಂದರೆ ರೈತನ ಭಾಷೆ ಬರಬೇಕು. ಕಂಪನಿಯ ತರುಣ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸಲೆಂದೇ 1812ರಲ್ಲಿ ಮದರಾಸಿನಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಆರಂಭವಾಯಿತು. ಆಗ ಭಾಷೆ ಕಲಿಯುವ ಹೊಣೆ ಆಳುವವನ ಮೇಲಿತ್ತು ಎಂಬುದನ್ನು ಗಮನಿಸಬೇಕು.

ಹಾಗೆ ಕಲಿತವರಲ್ಲಿ ಒಬ್ಬ ಎ. ಡಿ. ಕ್ಯಾಂಪ್‌ಬೆಲ್. 1816ರಲ್ಲಿ ಅವನು ಪ್ರಕಟಿಸಿದ ತೆಲುಗು ವ್ಯಾಕರಣದ ಮುನ್ನುಡಿಯಲ್ಲೇ ಎಫ್. ಡಬ್ಲ್ಯು. ಎಲ್ಲಿಸ್, ತೆಲುಗು, ಕನ್ನಡ, ತಮಿಳುಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವು ಒಂದೇ ಬೇರೆ ಕುಟುಂಬದ ಭಾಷೆಗಳೆಂದು ತೋರಿಸಿಕೊಟ್ಟದ್ದು. ಕಾಲ್ಡ್‌ವೆಲ್ಲನ ಪ್ರಸಿದ್ಧ ಗ್ರಂಥ ಬಂದದ್ದು ಅದಾಗಿ 40 ವರ್ಷಗಳ ನಂತರ.

ಇದೇ ಕ್ಯಾಂಪ್‌ಬೆಲ್ ಮುಂದೆ ಬಳ್ಳಾರಿಯ ಕಲೆಕ್ಟರಾದ. ಮದರಾಸಿನ ಗವರ್ನರಾಗಿದ್ದ ಮನ್ರೊ ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದಾಗ ಅವನು 1823ರ ಆಗಸ್ಟಿನಲ್ಲಿ ಕಳುಹಿಸಿದ ವರದಿ ಇಂದಿಗೂ ಓದತಕ್ಕದ್ದು. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಕಲಿಯುವವರು 6,641. ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4. ಇವಲ್ಲದೆ ಬ್ರಾಹ್ಮಣರು ಮಾತ್ರ ಕಲಿಯುತ್ತಿದ್ದ ಪಾಠಶಾಲೆಗಳು 23. ಇಂಗ್ಲಿಷ್ ಕಲಿಸುತ್ತಿದ್ದ ಶಾಲೆ ಇಡೀ ಜಿಲ್ಲೆಗೆ ಒಂದೇ ಒಂದು.

ಕನ್ನಡ ಮತ್ತು ತೆಲುಗು ಶಾಲೆಗಳು ಹೆಚ್ಚು ಕಡಿಮೆ ಸರಿಸಮ ಸಂಖ್ಯೆಯಲ್ಲಿದ್ದವು. ಅಂದಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು; ಆದೋನಿ, ರಾಯದುರ್ಗಗಳೂ ಅದರೊಳಗಿದ್ದವು. ಎರಡು ಭಾಷೆಗಳ ಈ ಸಹವಾಸಕ್ಕೆ ಲಿಪಿಯೂ ನೆರವಾಗಿತ್ತು. ಎರಡೂ ಲಿಪಿಗಳು ಒಂದೇ ಬಳ್ಳಿಯಲ್ಲಿ ಬೆಳೆದವು. ತಲೆಕಟ್ಟಿನ ರೂಪ ಬೇರೆ, ಕೆಲವು ಅಕ್ಷರಗಳ ಬಾಗು ಬೇರೆ. ಒಂದನ್ನು ಬಲ್ಲವನು ಇನ್ನೊಂದನ್ನು ಕೆಲವೇ ದಿನಗಳಲ್ಲಿ ಕೂಡಿಸಿ ಓದಬಲ್ಲ.

ಆದರೆ ಆ ವರದಿಯ ನಿಜವಾದ ಬೆಲೆ ಅಂಕಿಗಳಲ್ಲಿಲ್ಲ. ಶಾಲೆಯೊಳಗೆ ನಡೆಯುತ್ತಿದ್ದುದನ್ನು ಕ್ಯಾಂಪ್‌ಬೆಲ್ ಕಂಡ ಬಗೆಯಲ್ಲಿದೆ. ಮಕ್ಕಳಿಗೆ ಓದಿಸುತ್ತಿದ್ದ ಪುಸ್ತಕಗಳು ಪದ್ಯದಲ್ಲಿದ್ದವು. ಅವುಗಳ ಭಾಷೆಗೂ ಆಡುವ, ವ್ಯವಹರಿಸುವ ಭಾಷೆಗೂ ಬಹಳ ಅಂತರವಿತ್ತು. ಅರ್ಥ ಬಿಡಿಸಿ ಹೇಳಬಲ್ಲ ಗುರುಗಳು ಕಡಿಮೆ, ಅರ್ಥವಾದ ಶಿಷ್ಯರು ಇನ್ನೂ ಕಡಿಮೆ. ಹುಡುಗರು ನೂರಾರು ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಆದರೆ ಅದರ ತಿಳಿವಳಿಕೆಯಲ್ಲಿ ಮಾತು ಕಲಿಸಿದ ಗಿಳಿಗೂ ಅವರಿಗೂ ವ್ಯತ್ಯಾಸವಿರಲಿಲ್ಲ ಎಂಬುದು ಅವನ ವರದಿಯ ತಾತ್ಪರ್ಯ. ಇಲ್ಲಿ ತೊಡಕಾದದ್ದು ಪರಭಾಷೆಯಲ್ಲ, ತಮ್ಮದೇ ಭಾಷೆಯ ಬಳಕೆಯಲ್ಲಿಲ್ಲದ ರೂಪ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಹಗಲು ಇಂಗ್ಲಿಷ್, ರಾತ್ರಿ ತೆಲುಗು

ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಚಿತ್ರ ಬದಲಾಗಿತ್ತು. ಭಾಷೆ ಕಲಿಯುವ ಹೊಣೆ ಆಳುವವನಿಂದ ಆಳಿಸಿಕೊಳ್ಳುವವನ ಮೇಲೆ ಬಿದ್ದಿತ್ತು. ಮೇಲಿನ ಕಚೇರಿ, ಮೇಲಿನ ನ್ಯಾಯಾಲಯ, ಕಾಲೇಜು ಎಲ್ಲವೂ ಇಂಗ್ಲಿಷಿನವು. ಆ ಭಾಷೆ ಕಲಿತವನಿಗೆ ವಕೀಲಿಕೆ, ಗುಮಾಸ್ತಿಕೆ, ಮಾನ. ಕಲಿಯದವನಿಗೆ ಮಧ್ಯವರ್ತಿಯ ಮೋರೆ.

ಆ ಕಾಲದ ಬಳ್ಳಾರಿಯಲ್ಲಿ ಒಂದು ಸೊಗಸಾದ ವೈಚಿತ್ರ್ಯವಿತ್ತು. ತೆಲುಗು ರಂಗಭೂಮಿಯ ಮೂವರು ಮಹನೀಯರು, ಧರ್ಮವರಂ ರಾಮಕೃಷ್ಣಮಾಚಾರ್ಯರು, ಕೋಲಾಚಲಂ ಶ್ರೀನಿವಾಸರಾಯರು ಹಾಗೂ ನಟ ಬಳ್ಳಾರಿ ರಾಘವ, ಈ ಊರಿನಲ್ಲೇ ಕೆಲಸ ಮಾಡಿದರು. ಮೂವರೂ ವೃತ್ತಿಯಿಂದ ವಕೀಲರು. ಹಗಲು ಇಂಗ್ಲಿಷಿನ ಕಾನೂನು ಪುಸ್ತಕ, ಇರುಳು ತೆಲುಗು ನಾಟಕ, ಸುತ್ತಲಿನ ಬೀದಿಯಲ್ಲಿ ಕನ್ನಡ. ರಾಘವ (1880–1946) ಕನ್ನಡ ರಂಗದ ಮೇಲೂ ನಿಂತವರು, ಷೇಕ್ಸ್‌ಪಿಯರನ ಪಾತ್ರಗಳನ್ನು ಇಂಗ್ಲಿಷಿನಲ್ಲೂ ಅಭಿನಯಿಸಿದವರು. ಬಲ್ಲವರಿಗೆ ಈ ಮೂರು ಭಾಷೆಗಳು ಮೂರು ಬಾಗಿಲುಗಳಾಗಿದ್ದವು. ಆದರೆ ಅವರ ಕಕ್ಷಿದಾರರಾಗಿದ್ದ ಹಳ್ಳಿಗರಿಗೆ ಅದರಲ್ಲೊಂದು ಬಾಗಿಲು ಮುಚ್ಚಿಯೇ ಇತ್ತು.

ಮುಂದೆ ರಾಜ್ಯಗಳ ಗಡಿ ಎಳೆಯುವ ಕಾಲ ಬಂತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆಗೆ ಹೋದವು. ಸಿರುಗುಪ್ಪ ಮೊದಲಾದ ತಾಲ್ಲೂಕುಗಳು ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕಿನ ತಕರಾರನ್ನು ನ್ಯಾಯಮೂರ್ತಿ ಮಿಶ್ರಾ ಅವರು ವಿಚಾರಣೆ ಮಾಡಿದ ಮೇಲೆ ಅದೂ ಮೈಸೂರಿಗೆ ಸೇರಿತು. ವಿಲೀನದ ಹಿಂದಿನ ರಾತ್ರಿ ಸಂಭ್ರಮದ ಚಪ್ಪರ ಕಾಯುತ್ತಿದ್ದ ರಂಜಾನ್ ಸಾಬ್ ಆಸಿಡ್ ದಾಳಿಗೆ ತುತ್ತಾಗಿ ಪ್ರಾಣ ಕಳೆದುಕೊಂಡರು. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಅದಕ್ಕೆ ಮುಖ್ಯ ಕಾರಣ ಭಾಷೆಯಲ್ಲ, ತುಂಗಭದ್ರೆಯ ನೀರು. ಆ ಶಿಫಾರಸು ಜಾರಿಯಾಗಲಿಲ್ಲ.

ಕನ್ನಡ–ತೆಲುಗು ಗಡಿಯ ಈ ತಕರಾರು ನಮ್ಮ ಚರಿತ್ರೆಯಲ್ಲಿ ಬಹಳ ಜಾಗ ಪಡೆದಿದೆ. ಅದು ಸಹಜ. ಆದರೆ ಆ ಗದ್ದಲದಲ್ಲಿ ಒಂದು ಸಂಗತಿ ಮರೆಯಾಯಿತು. ಗಡಿಯ ಆಚೆ ಹೋದ ರೈತನೂ ಈಚೆ ಉಳಿದ ರೈತನೂ ಮರುದಿನ ಕಚೇರಿಗೆ ಹೋದಾಗ ಎದುರಾದದ್ದು ಒಂದೇ ಗೋಡೆ. ಕಡತ ಇಂಗ್ಲಿಷಿನಲ್ಲಿತ್ತು.

ಕಡತದಲ್ಲಿ ಕನ್ನಡ

1963ರ ರಾಜಭಾಷಾ ಅಧಿನಿಯಮ ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯೆಂದು ಸಾರಿತು. ನಿಧಾನವಾಗಿಯಾದರೂ ತಾಲ್ಲೂಕು ಕಚೇರಿಯ ಪತ್ರಗಳು ಕನ್ನಡಕ್ಕೆ ತಿರುಗಿದವು. ಹೊಸ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯಡಿ ಪಹಣಿಗಳು ಗಣಕಯಂತ್ರಕ್ಕೆ ಏರಿದಾಗ ಅವು ಕನ್ನಡದಲ್ಲೇ ಏರಿದವು. ಇದು ಸಣ್ಣ ಸಾಧನೆಯಲ್ಲ. ತನ್ನ ಹೊಲದ ದಾಖಲೆಯನ್ನು ತಾನೇ ಓದಿಕೊಳ್ಳುವುದು ಅಕ್ಷರ ಬಲ್ಲ ರೈತನಿಗೆ ಸಾಧ್ಯವಾಯಿತು.

ಆದರೂ ಆ ಪಹಣಿಯ ಭಾಷೆಯನ್ನು ಸ್ವಲ್ಪ ಕೆದಕಿ ನೋಡಿದರೆ ಚರಿತ್ರೆಯ ಪದರಗಳು ಕಾಣುತ್ತವೆ. ಜಮಾಬಂದಿ, ತಹಶೀಲ್ದಾರ, ಅರ್ಜಿ, ಜಾಮೀನು, ವಕೀಲ, ಫಿರ್ಯಾದಿ: ಇವು ಪಾರಸಿ, ಅರಬ್ಬಿಯಿಂದ ಬಂದವು. ಸರ್ವೆ, ನೋಟೀಸು, ಮ್ಯುಟೇಶನ್, ಸಮನ್ಸು: ಇವು ಇಂಗ್ಲಿಷಿನವು. ಒಂದು ಕಾಲಕ್ಕೆ ಪಾರಸಿಯೂ ಇಲ್ಲಿ ಇಂಗ್ಲಿಷಿನಂತೆಯೇ ಜನರಿಗೆ ತಿಳಿಯದ ಕಚೇರಿ ಭಾಷೆಯಾಗಿತ್ತು. ಇಂದು 'ಅರ್ಜಿ' ಎಂದರೆ ಯಾರಿಗೂ ಹೊರಗಿನ ಪದವೆನಿಸುವುದಿಲ್ಲ. ಕಾಲುವೆಯ ಕೊನೆಯ ರೈತನೂ 'ಕ್ಯೂಸೆಕ್' ಲೆಕ್ಕದಲ್ಲಿ ಮಾತನಾಡುತ್ತಾನೆ. ಪದ ಎಲ್ಲಿಂದ ಬಂತೆಂಬುದು ಮುಖ್ಯವಲ್ಲ, ಅದು ಬಾಯಿಗೆ ಇಳಿದಿದೆಯೇ ಎಂಬುದು ಮುಖ್ಯ. ಹೊರಗಿನಿಂದ ಬಂದ ಪದಗಳನ್ನು ಜನ ಅರಗಿಸಿಕೊಳ್ಳುತ್ತಾರೆ. ಅರ್ಥವಾಗದ ವಾಕ್ಯಗಳನ್ನು ಅರಗಿಸಿಕೊಳ್ಳಲಾರರು. 'ಸದರಿ ಸ್ವತ್ತಿಗೆ ಸಂಬಂಧಿಸಿದಂತೆ ಮೇಲ್ಕಂಡ ಉಲ್ಲೇಖದನ್ವಯ' ಎಂದು ಆರಂಭವಾಗುವ ಕನ್ನಡದ ನೋಟೀಸು ಇಂಗ್ಲಿಷಿನಷ್ಟೇ ದೂರ. ಕ್ಯಾಂಪ್‌ಬೆಲ್ ಕಂಡ ಗಿಳಿಪಾಠದ ಇನ್ನೊಂದು ರೂಪವಿದು.

ಯಾರಿಗೆ ಅರ್ಥವಾಗಬೇಕು?

ನಮ್ಮ ಕಾನೂನುಗಳಲ್ಲಿ ಈ ಪ್ರಶ್ನೆಗೆ ಎರಡು ಬಗೆಯ ಉತ್ತರ ಸಿಗುತ್ತದೆ. 1908ರ ನೋಂದಣಿ ಅಧಿನಿಯಮದ 19ನೇ ಕಲಂ ನೋಡಿ. ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ, ನೋಂದಣಿ ಅಧಿಕಾರಿಗೆ ತಿಳಿಯದ ಭಾಷೆಯಲ್ಲಿ ಪತ್ರವಿದ್ದರೆ, ಅನುವಾದವಿಲ್ಲದೆ ಅದನ್ನು ಅವನು ಒಪ್ಪುವಂತಿಲ್ಲ. ಅಧಿಕಾರಿಗೆ ಅರ್ಥವಾಗದ ಕಾಗದ ಸಲ್ಲದು ಎಂಬುದು ಸರಿಯಾದ ಮಾತೇ. ಆದರೆ ಅದೇ ಕಾಗದದ ಕೆಳಗೆ ಹೆಬ್ಬೆಟ್ಟು ಒತ್ತುವವನಿಗೆ ಅದು ಅರ್ಥವಾಗಿದೆಯೇ ಎಂಬುದನ್ನು ಆ ಕಲಂ ಕೇಳುವುದಿಲ್ಲ. 'ಓದಿಸಿ ಕೇಳಿ ಸರಿಯೆಂದು ಒಪ್ಪಿ' ಎಂಬ ಒಂದು ಸಾಲು ಪತ್ರದ ಕೊನೆಗೆ ಸೇರಿದರೆ ಬಹುತೇಕ ಕಡೆ ಕೆಲಸ ಮುಗಿಯಿತು.

ಎರಡನೆಯ ಉತ್ತರ ಸುಪ್ರೀಂ ಕೋರ್ಟಿನದು. 1962ರಲ್ಲಿ ಹರಿಕಿಸನ್ ಎಂಬುವರ ಪ್ರಕರಣ ಅದರ ಮುಂದೆ ಬಂತು. ಮಹಾರಾಷ್ಟ್ರದಲ್ಲಿ ಅವರನ್ನು ವಿಚಾರಣೆಯಿಲ್ಲದ ಬಂಧನದಲ್ಲಿ ಇಡಲಾಗಿತ್ತು. ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಬರೆದು ಕೊಟ್ಟಿದ್ದರು. ತಮಗೆ ಇಂಗ್ಲಿಷ್ ಬಾರದು, ಹಿಂದಿಯಲ್ಲಿ ಕೊಡಿ ಎಂದು ಅವರು ಕೇಳಿದರು. ಪೊಲೀಸ್ ಅಧಿಕಾರಿ ಬಾಯಿಮಾತಿನಲ್ಲಿ ವಿವರಿಸಿದ್ದಾರೆ, ಅಷ್ಟು ಸಾಕು ಎಂದಿತು ಸರ್ಕಾರ. ಸಾಲದು ಎಂದಿತು ಸುಪ್ರೀಂ ಕೋರ್ಟು. ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ, ಅಕ್ಷರ ಬಲ್ಲವನಾದರೆ ಅವನು ಓದಬಲ್ಲ ಲಿಪಿಯಲ್ಲಿ ಕಾರಣ ತಿಳಿಸದಿದ್ದರೆ ಅದು ತಿಳಿಸಿದಂತೆಯೇ ಅಲ್ಲ ಎಂದು ಹೇಳಿ ಬಂಧನವನ್ನು ರದ್ದು ಮಾಡಿತು. ತಿಳಿಸುವುದೆಂದರೆ ಕಾಗದ ಕೊಡುವುದಲ್ಲ, ತಿಳಿಯುವಂತೆ ಮಾಡುವುದು. ಈ ತತ್ವ ಸೆರೆಮನೆಯ ಬಾಗಿಲಲ್ಲಿ ಮಾತ್ರ ನಿಲ್ಲಬೇಕಾದುದಲ್ಲ.

ಪ್ರಾಣದ ಪ್ರಶ್ನೆ ಬರುವುದು ಹೊಲದಲ್ಲಿ. ಸಿರುಗುಪ್ಪ ಸೀಮೆ ಭತ್ತ, ಹತ್ತಿ, ಮೆಣಸಿನಕಾಯಿಯ ನಾಡು. ಔಷಧಿ ಹೊಡೆಯದೆ ಈ ಬೆಳೆಗಳಿಲ್ಲ. 1971ರ ಕೀಟನಾಶಕ ನಿಯಮಗಳ ಪ್ರಕಾರ ಡಬ್ಬಿಯೊಂದಿಗಿನ ತಿಳಿವಳಿಕೆ ಪತ್ರ ಹಿಂದಿ, ಇಂಗ್ಲಿಷ್ ಮತ್ತು ಪ್ರಾದೇಶಿಕ ಭಾಷೆಯಲ್ಲಿರಬೇಕು. ಅದು ಮಡಿಕೆ ಮಡಿಕೆಯಾಗಿ, ಭೂತಗನ್ನಡಿ ಬೇಡುವ ಅಕ್ಷರದಲ್ಲಿ ಇದ್ದರೆ ಕನ್ನಡದಲ್ಲಿದ್ದೂ ಪ್ರಯೋಜನವಿಲ್ಲ. ಆದರೆ ಅದೇ ನಿಯಮಗಳಲ್ಲಿ ಇನ್ನೊಂದು ಜಾಣತನವಿದೆ. ಡಬ್ಬಿಯ ಮೇಲೊಂದು ಚೌಕ, ಅದರ ಕೆಳಗಿನ ತ್ರಿಕೋನಕ್ಕೆ ಬಣ್ಣ. ಕೆಂಪಾದರೆ ಅತ್ಯಂತ ಘೋರ ವಿಷ. ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ. ನೀಲಿ ಮಧ್ಯಮ. ಹಸಿರು ಎಲ್ಲಕ್ಕಿಂತ ಸೌಮ್ಯ. ಆದರೆ ಅದೂ ವಿಷವೇ. ಇದನ್ನು ಓದಲು ಯಾವ ಭಾಷೆಯೂ ಬೇಡ. ಒಮ್ಮೆ ಯಾರಾದರೂ ಹೇಳಿಕೊಟ್ಟರೆ ಸಾಕು. ದುರದೃಷ್ಟವೆಂದರೆ ಆ ಹೇಳಿಕೊಡುವ ಕೆಲಸವೇ ಎಲ್ಲ ಕಡೆ ಆಗಿಲ್ಲ.

ಆಸ್ಪತ್ರೆಯ ಚೀಟಿಯ ಕಥೆ ಇನ್ನೂ ವಿನೋದದ್ದು. ವೈದ್ಯರು 'ಬಿ.ಡಿ.', 'ಟಿ.ಡಿ.ಎಸ್.' ಎಂದು ಗೀಚುತ್ತಾರೆ. ಅದು ಇಂಗ್ಲಿಷೂ ಅಲ್ಲ, ಲ್ಯಾಟಿನ್. ದಿನಕ್ಕೆ ಎರಡು ಬಾರಿ, ಮೂರು ಬಾರಿ ಎಂದಷ್ಟೇ ಅರ್ಥ. ಅಂಗಡಿಯವನು ಮಾತ್ರೆಯ ಪಟ್ಟಿಯ ಹಿಂದೆ ಪೆನ್ನಿನಿಂದ ಎರಡೋ ಮೂರೋ ಗೆರೆ ಎಳೆದು 'ಬೆಳಿಗ್ಗೆ, ರಾತ್ರಿ' ಎನ್ನುತ್ತಾನೆ. ಆ ಗೆರೆಗಳೇ ನಿಜವಾದ ಚೀಟಿ.

ದೂರದ ಎರಡು ಊರುಗಳು

ಈ ಕಷ್ಟ ನಮ್ಮದೊಂದೇ ಅಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ಮೆಕ್ಸಿಕೊ ಗಡಿಯ ನದಿಯ ದಡದಲ್ಲಿ ಎಲ್ ಸೆನಿಸೊ ಎಂಬ ಪುಟ್ಟ ಊರಿದೆ. ಅಲ್ಲಿನವರು ಬಹುತೇಕ ಎಲ್ಲರೂ ಸ್ಪ್ಯಾನಿಷ್ ಮಾತಿನವರು. ಊರ ಸಭೆ ಇಂಗ್ಲಿಷಿನಲ್ಲಿ ನಡೆದರೆ ಊರಿನವರೇ ಅರ್ಥವಾಗದೆ ಕೂರಬೇಕು. 1999ರಲ್ಲಿ ಆ ಊರಿನ ಆಡಳಿತ, ಸಭೆಗಳು ಇನ್ನು ಸ್ಪ್ಯಾನಿಷಿನಲ್ಲೇ ನಡೆಯುತ್ತವೆ, ಬೇಕೆಂದವರಿಗೆ ಇಂಗ್ಲಿಷ್ ಅನುವಾದ ಕೊಡುತ್ತೇವೆ ಎಂದು ನಿರ್ಣಯಿಸಿತು. ದೇಶದ ತುಂಬ ಟೀಕೆ ಬಂತು. ಆದರೆ ಅವರು ಇಂಗ್ಲಿಷನ್ನು ಓಡಿಸಿರಲಿಲ್ಲ. ಅನುವಾದದ ಹೊಣೆಯನ್ನು ಬಹುಜನರ ತಲೆಯಿಂದ ಇಳಿಸಿ ಆಡಳಿತದ ತಲೆಗೆ ಏರಿಸಿದ್ದರು, ಅಷ್ಟೆ.

ಇನ್ನೊಂದು ಉದಾಹರಣೆ ಪೋರ್ಟೊರಿಕೊ ದ್ವೀಪದ್ದು. 1898ರಲ್ಲಿ ಅದು ಸ್ಪೇನಿನಿಂದ ಅಮೆರಿಕದ ಕೈಗೆ ಬಂತು. ಸ್ಪ್ಯಾನಿಷ್ ಮಾತಿನ ಆ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪಾಠ ಹೇಳುವ ಪ್ರಯೋಗಗಳು ಒಂದರ ಮೇಲೊಂದು ಅರ್ಧ ಶತಮಾನ ನಡೆದವು. ಕೊನೆಗೆ 1949ರಲ್ಲಿ ಸ್ಪ್ಯಾನಿಷ್ ಮತ್ತೆ ಶಾಲೆಯ ಮಾಧ್ಯಮವಾಯಿತು. ಇಂಗ್ಲಿಷ್ ಒಂದು ವಿಷಯವಾಗಿ ಉಳಿಯಿತು.

ನಮ್ಮಲ್ಲಿ ಗಾಲಿ ಬೇರೆ ದಿಕ್ಕಿಗೆ ಉರುಳುತ್ತಿದೆ. 2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2019ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಇದಕ್ಕೆ ತಂದೆತಾಯಿಯರನ್ನು ದೂರುವುದು ಅನ್ಯಾಯ. ಕಿಟಕಿಯ ಮುಂದೆ ಮೂಕನಾಗಿ ನಿಂತ ಅಪ್ಪ ತನ್ನ ಮಗ ಹಾಗೆ ನಿಲ್ಲಬಾರದೆಂದು ಬಯಸುತ್ತಾನೆ. ಆದರೆ ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡುವ ಮಗು ಅರ್ಥವಾಗದ ಇಂಗ್ಲಿಷ್ ಪಾಠವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರೆ, 1823ರ ಗಿಳಿ ಹೊಸ ಪಂಜರಕ್ಕೆ ಬಂದಂತಾಯಿತೇ ಹೊರತು ಹಾರಿದಂತಾಗಲಿಲ್ಲ. ಇಂಗ್ಲಿಷ್ ಬೇಕು, ಅದನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಬೇಕು. ಅದನ್ನು ಚೆನ್ನಾಗಿ ಕಲಿಯಲು ತಿಳಿದ ಭಾಷೆಯಲ್ಲಿ ಯೋಚಿಸುವ ಅಭ್ಯಾಸ ಮೊದಲು ಆಗಬೇಕು.

ಮಕ್ಕಳು ಕಲಿತು ದೊಡ್ಡವರಾಗುವ ತನಕ ಅವರ ತಂದೆತಾಯಿಯರು ಕಾಯಲಾರರು. ಅವರಿಗಾಗಿ ಕಚೇರಿಗಳೇ ಬದಲಾಗಬೇಕು. ಅದಕ್ಕೆ ಬಳ್ಳಾರಿಯಲ್ಲೇ ಒಂದು ನಿದರ್ಶನವಿದೆ. 1975ರಲ್ಲಿ ಗ್ರಾಮೀಣ ಬ್ಯಾಂಕುಗಳ ಕಲ್ಪನೆ ಮೂಡಿದಾಗ ಅದರ ತಿರುಳೇ ಹಳ್ಳಿಯ ಬ್ಯಾಂಕಿನವನು ಹಳ್ಳಿಯ ಮಾತು ಬಲ್ಲವನಾಗಿರಬೇಕು ಎಂಬುದಾಗಿತ್ತು. ಮರುವರ್ಷವೇ ತುಂಗಭದ್ರಾ ಗ್ರಾಮೀಣ ಬ್ಯಾಂಕು ಬಳ್ಳಾರಿಯನ್ನು ಕೇಂದ್ರ ಮಾಡಿಕೊಂಡು ಹುಟ್ಟಿತು. ಹೆಸರು, ರೂಪಗಳು ಆಮೇಲೆ ಬದಲಾದವು. ಆದರೆ ಇಂಥ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳಲ್ಲಿ ಬರೆಯಬಹುದೆಂದು ಕೇಂದ್ರ ಸರ್ಕಾರ ಪ್ರಕಟಿಸಿದ್ದು 2019ರಲ್ಲಿ. ಹಳ್ಳಿಯ ಮಾತಿನ ಬ್ಯಾಂಕಿಗೆ ಸೇರಲು ಹಳ್ಳಿಯ ಹುಡುಗ ಹಳ್ಳಿಯ ಮಾತಿನಲ್ಲಿ ಪರೀಕ್ಷೆ ಬರೆಯುವ ದಿನ ಬರಲು ನಲವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಕೇಳಬೇಕಾದದ್ದು ದೊಡ್ಡದೇನಲ್ಲ. ಸಾಲದ ಪತ್ರ, ವಿಮೆಯ ಷರತ್ತು, ಕೋರ್ಟಿನ ನೋಟೀಸು, ವಿಷದ ಡಬ್ಬಿ, ಇವು ಯಾರ ಬದುಕಿಗೆ ಸಂಬಂಧಿಸಿವೆಯೋ ಅವರಿಗೆ ಅರ್ಥವಾಗುವ ತಿಳಿಗನ್ನಡದಲ್ಲಿರಲಿ. ಗಡಿಯ ಊರುಗಳಲ್ಲಿ ತೆಲುಗು, ಉರ್ದು ಮನೆಮಾತಿನವರಿಗೆ ಅದನ್ನು ಅವರ ಭಾಷೆಯಲ್ಲಿ ವಿವರಿಸುವ ಒಬ್ಬರಾದರೂ ಕಚೇರಿಯಲ್ಲಿರಲಿ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ 1956ರಲ್ಲೇ ಸಂವಿಧಾನಕ್ಕೆ ವಿಧಿಗಳು ಸೇರಿವೆ; ಆಂಧ್ರಕ್ಕೆ ಹೋದ ಆದೋನಿಯ ಕನ್ನಡಿಗನಿಗೆ ನಾವು ಬಯಸುವುದನ್ನೇ ಸಿರುಗುಪ್ಪದ ತೆಲುಗರಿಗೂ ಬಯಸುವುದು ನ್ಯಾಯ. ಹತ್ತಾರು ತಲೆಮಾರಿನಿಂದ ನೆರೆಯವನ ಭಾಷೆಯನ್ನು ಯಾವ ಕಾನೂನಿನ ಬಲವಂತವೂ ಇಲ್ಲದೆ ಕಲಿತ ಜನ ಇವರು. ಅವರ ಭಾಷೆಯನ್ನು ಕಲಿಯುವ ಸರದಿ ಈಗ ಕಾಗದದ್ದು.